ಹಿಂದಿನ ಗಾಲಿಯ ಅಳತೆ

ಮೋಟಾರ್ ಸೈಕಲ್ ಕೊಂಡ ತರುಣನ ದೃಷ್ಟಿ ಕೆಲವೇ ತಿಂಗಳಲ್ಲಿ ಹಿಂದಿನ ಗಾಲಿಯ ಮೇಲೆ ಬೀಳುವುದುಂಟು. ಟೈರು ಇನ್ನಷ್ಟು ಅಗಲವಾಗಿದ್ದರೆ ಗಾಡಿಗೆ ಗಾಂಭೀರ್ಯ ಬಂದೀತೆಂಬುದು ಅವನ ಆಸೆ. ಅಂಗಡಿಗೆ ಹೋಗುವ ಮುನ್ನ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದುವುದು ಒಳಿತು.

2021ರಲ್ಲಿ ಹೊರಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಹಿಂದಿನ ಟೈರಿನ ಅಳತೆ 120/80-18. ಎಂದರೆ ಅಗಲ 120 ಮಿಲಿಮೀಟರು. ಎತ್ತರ ಅದರ ನೂರಕ್ಕೆ 80ರಷ್ಟು, ಅಂದರೆ 96 ಮಿಲಿಮೀಟರು. ರಿಮ್ಮಿನ ವ್ಯಾಸ 18 ಅಂಗುಲ. ಒಟ್ಟು ವ್ಯಾಸ ಸುಮಾರು 649 ಮಿಲಿಮೀಟರು. ಅದರ ಬದಲು 140/80-18 ತೊಡಿಸಿದರೆ ವ್ಯಾಸ 681ಕ್ಕೆ ಏರುವುದು. ಅಗಲವೊಂದೇ ಹೆಚ್ಚಿತೆಂದು ಭಾವಿಸಿದವನಿಗೆ ಎತ್ತರವೂ ಬೆಳೆದ ಸಂಗತಿ ತಿಳಿಯುವುದು, ಟೈರು ಮಡ್‌ಗಾರ್ಡಿಗೋ ಚೈನಿಗೋ ಉಜ್ಜತೊಡಗಿದ ಮೇಲೆ!

ಅಗಲವಾದ ಟೈರನ್ನು ಕಿರಿದಾದ ರಿಮ್ಮಿಗೆ ಕೂರಿಸಿದರೆ ಅದರ ಪಾರ್ಶ್ವಗಳು ಒಳಕ್ಕೆ ಅಮುಕಿ, ನೆತ್ತಿ ಉಬ್ಬುವುದು. ತಿರುವಿನಲ್ಲಿ ಗಾಡಿಯ ನಡೆ ಕೆಡುವುದು. ಯಾವ ಟೈರಿಗೆ ಎಷ್ಟು ಅಗಲದ ರಿಮ್ಮು ಸಲ್ಲುವುದೆಂಬ ಪಟ್ಟಿಯನ್ನು ತಯಾರಕರೇ ಕೊಡುತ್ತಾರೆ.

ಹಣ ವ್ಯಯಿಸಲೇಬೇಕೆಂದಿದ್ದರೆ ಟ್ಯೂಬಿಲ್ಲದ ಟೈರನ್ನು ಧರಿಸುವ ಅಲಾಯ್ ಗಾಲಿಯಿಂದ ಪ್ರಯೋಜನವುಂಟು. ಮೊಳೆ ಚುಚ್ಚಿದರೆ ಟ್ಯೂಬಿನ ಗಾಳಿ ಥಟ್ಟನೆ ಇಳಿದೀತು. ಟ್ಯೂಬಿಲ್ಲದ ಟೈರಿನಿಂದ ಅದು ಸಾಮಾನ್ಯವಾಗಿ ಮೆಲ್ಲನೆ ಸೋರುವುದು.

ಇನ್ನು ಭಾರದ ಅಂಕಿ. 62 ಎಂದಿದ್ದರೆ ಆ ಟೈರು 265 ಕಿಲೋಗ್ರಾಂ ಹೊರಬಲ್ಲದು. ಗಾಡಿಗೆ ವಿಧಿಸಿದ್ದಕ್ಕಿಂತ ಕಡಿಮೆ ಅಂಕಿಯ ಟೈರನ್ನು ಎಷ್ಟೇ ಅಂದವಾಗಿದ್ದರೂ ತರಬಾರದು. ಹಿಂದಿನ ಆಸನದಲ್ಲಿ ಕೂರುವವಳು ಮಡದಿಯೋ ತಂಗಿಯೋ. ಅವಳ ಭಾರವನ್ನು ಬಹುಪಾಲು ಹೊರುವುದು ಆ ಟೈರೇ.