ಅಳಿಸುವ ಮುನ್ನ ಒಂದು ವರ್ಷ ಕೊಡಿ

ಯಾಹೂ ಗ್ರೂಪ್ಸ್ ಎಂಬ ಚರ್ಚಾ ಗುಂಪುಗಳ ತಾಣದಲ್ಲಿದ್ದ ಹಳೆಯ ಸಂದೇಶ, ಕಡತ, ಫೋಟೊಗಳನ್ನೆಲ್ಲ ಡಿಸೆಂಬರ್ 14ಕ್ಕೆ ಅಳಿಸುತ್ತೇವೆ ಎಂದು ಯಾಹೂ 2019ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಸುಮಾರು ಎರಡು ದಶಕದ ಮಾತುಕತೆಗೆ ಸಿಕ್ಕ ಗಡುವು ಎರಡೇ ತಿಂಗಳು. ಆಕ್ಷೇಪ ಎದ್ದ ಮೇಲೆ, ಬಳಕೆದಾರರು ತಮ್ಮ ಪ್ರತಿ ಕೇಳಿ ಪಡೆಯುವ ಅವಧಿಯನ್ನು ಯಾಹೂ ಜನವರಿ ಕೊನೆಯವರೆಗೆ ಎಳೆಯಿತು, ಅಷ್ಟೆ. ಮುಚ್ಚಲಿರುವ ಜಾಲತಾಣಗಳನ್ನು ಉಳಿಸುವ ಆರ್ಕೈವ್ ಟೀಮ್‌ನ ಸ್ವಯಂಸೇವಕರು ಪಟ್ಟು ಹಿಡಿದು ನಕಲು ಮಾಡಿಕೊಂಡಷ್ಟು ಉಳಿಯಿತು.

ಪುಟವಿನ್ಯಾಸ ನನ್ನ ಕಸುಬು. ಹಾಗಾಗಿ ಈ ನಷ್ಟ ನನಗೆ ಕಾಣುವುದು ಅಕ್ಷರಗಳಲ್ಲಿ. ‘ರ‍್ಯಾಂಕ್’ ಎಂದು ಟೈಪ್ ಮಾಡುವಾಗ ರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕು. ಸುಮ್ಮನೆ ಕೀಲಿ ಒತ್ತಿದರೆ ‘ಸೂರ್ಯ’ದಲ್ಲಿರುವಂತೆ ಅರ್ಕಾವತ್ತು ಬಂದು ಕೂರುತ್ತದೆ. ಯುನಿಕೋಡ್‌ನಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಸೇರಿಸಬೇಕು. ಈ ನಿಯಮವೇನೋ ಪುಸ್ತಕದಲ್ಲಿ ಸಿಗುತ್ತದೆ. ಯಾವ ಫಾಂಟಿನಲ್ಲಿ ಅದು ಕೈಕೊಡುತ್ತದೆ, ‘ನುಡಿ’ ತಂತ್ರಾಂಶದಿಂದ ಯುನಿಕೋಡಿಗೆ ಪರಿವರ್ತಿಸಿದಾಗ ಯಾವ ಒತ್ತು ಹಾರಿಹೋಗುತ್ತದೆ ಎಂಬುದನ್ನೆಲ್ಲ ಹೇಳಿಕೊಟ್ಟವರು ಮಾತ್ರ, ಇಂಥ ಗುಂಪುಗಳಲ್ಲಿ ನಡುರಾತ್ರಿ ಅಪರಿಚಿತರಿಗೆ ಉತ್ತರ ಬರೆದ ಜನ. ತಪ್ಪು ಉತ್ತರ, ಅದಕ್ಕೊಂದು ತಿದ್ದುಪಡಿ, ನಡುವೆ ಸಣ್ಣ ಮುನಿಸು, ಇವೆಲ್ಲ ಒಟ್ಟಿಗೆ ಸಿಕ್ಕರೇ ಆ ತಿಳಿವಳಿಕೆಗೆ ಬೆಲೆ.

ಸರ್ವರ್‌ಗೆ ದುಡ್ಡು ಬೇಕು, ಒಪ್ಪುತ್ತೇನೆ. ತಮ್ಮ ಮಾತನ್ನು ಅಳಿಸಿ ಎನ್ನುವವರ ಹಕ್ಕೂ ದೊಡ್ಡದೇ. ಆದರೂ ಎಲ್ಲರೆದುರು ನಡೆದ ಚರ್ಚೆಗೆ ಬಾಗಿಲು ಹಾಕುವ ಕಂಪನಿ ಕನಿಷ್ಠ ಒಂದು ವರ್ಷ ಮೊದಲು ತಿಳಿಸಲೇಬೇಕು. ಇಂಟರ್‌ನೆಟ್ ಆರ್ಕೈವ್‌ನಂಥ ಸಂಸ್ಥೆಗೆ ಪ್ರತಿ ಒಪ್ಪಿಸಬೇಕು. ಕನ್ನಡದ ಪಾಲನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೇಳಿ ಪಡೆದು ಇಟ್ಟುಕೊಳ್ಳಲಿ.