ಮೀಸೆ ನಮ್ದು, ಕಂತು ಯಾರ್ದು?

ಗುಜರಾತಿನ ಗಾಂಧಿನಗರ ಜಿಲ್ಲೆಯ ಲಿಂಬೋದರಾ ಊರಲ್ಲಿ 2017ರಲ್ಲಿ ದಲಿತ ಹುಡುಗರ ಮೇಲೆ ಮೇಲ್ಜಾತಿಯವರು ಕೈಮಾಡಿದರು. ಮಾಡಿದ ತಪ್ಪೇನು ಅಂದ್ರೆ ಮೀಸೆ ಬಿಟ್ಟದ್ದು. ಆಮೇಲೆ ಎಷ್ಟೋ ದಲಿತ ಯುವಕರು ಫೋನಿನಲ್ಲಿ ಮೀಸೆಯ ಚಿತ್ರ ಹಾಕಿ, ಕೆಳಗೆ 'ಮಿಸ್ಟರ್ ದಲಿತ್' ಅಂತ ಬರೆದುಕೊಂಡರು. ಮೂಗಿನ ಕೆಳಗಿನ ನಾಲ್ಕು ಕೂದಲೂ ಜಾತಿಯವರ ಅಪ್ಪಣೆ ಕೇಳಿ ಬೆಳೀಬೇಕು ಅನ್ನೋ ದೇಶ ಇದು.

ಆದ್ದರಿಂದ ಹಾಸ್ಟೆಲ್ ಗೆಳೆಯರೇ, ಸರಳವಾಗಿ ಬದುಕಿ ಅಂತ ಹೊಟ್ಟೆ ತುಂಬಿದವರು ಉಪದೇಶಕ್ಕೆ ಬಂದರೆ ನಾವು ಕಿವಿಗೊಡಬೇಕಾಗಿಲ್ಲ. ಚಂಡಾಲರಿಗೆ ಸತ್ತವರ ಬಟ್ಟೆ, ಕಬ್ಬಿಣದ ಒಡವೆ ಎಂದು ವಿಧಿಸಿದ್ದು ಮನುಸ್ಮೃತಿ. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಅದನ್ನು ಸುಟ್ಟ ಬಾಬಾಸಾಹೇಬರು, ಅಲ್ಲೇ ನಮ್ಮ ಹೆಣ್ಣುಮಕ್ಕಳಿಗೆ ಜಾತಿ ತೋರಿಸುವ ಉಡುಗೆ-ಒಡವೆ ಬಿಸಾಕಿ, ಚೆನ್ನಾಗಿ ಸೀರೆ ಉಡಿ ಅಂದರು. ಇಸ್ತ್ರಿ ಅಂಗಿ ನಮಗೆ ಶೋಕಿ ಆಗಿರಲಿಲ್ಲ, ಹಕ್ಕಾಗಿತ್ತು.

ಆ ಹಸಿವನ್ನು ಅಂಗಡಿಯವನು ಚೆನ್ನಾಗಿ ಅರಿತಿದ್ದಾನೆ. 1975ರಲ್ಲಿ ಹೆಂಗಸರಿಗೆ ಫೇರ್ ಅಂಡ್ ಲವ್ಲಿ ಬಂತು; 2005ರಲ್ಲಿ ಗಂಡಸರಿಗೇ ಬೇರೆಯಾಗಿ ಫೇರ್ ಅಂಡ್ ಹ್ಯಾಂಡ್ಸಮ್ ಬಂತು. ಬಿಸಿಲಲ್ಲಿ ದುಡಿದ ಅಪ್ಪನ ಬಣ್ಣವನ್ನು ಮಗ ಟ್ಯೂಬಿನಿಂದ ಉಜ್ಜಿ ತೆಗೀಬೇಕಂತೆ! 2013ರಲ್ಲಿ 79 ರೂಪಾಯಿ ಕೊಟ್ಟು ಕೊಂಡು, ಬೆಳ್ಳಗಾಗದೆ ದಿಲ್ಲಿಯ ಗ್ರಾಹಕರ ವೇದಿಕೆಗೆ ಹೋದವನೊಬ್ಬನ ದೂರಿನ ಮೇಲೆ 2024ರ ಡಿಸೆಂಬರಿನಲ್ಲಿ ಕಂಪನಿಗೆ 14.5 ಲಕ್ಷ ದಂಡ ಬಿತ್ತು. ಕಪ್ಪಾಗಿರೋದು ರೋಗ ಅಂತ ನಂಬಿಸಿದ್ದಕ್ಕೆ ದಂಡ ಯಾವ ಕೋರ್ಟು ಹಾಕುತ್ತೆ?

ಇನ್ನು ಫೋನು, ಬೈಕು, ಶೂ. ಬಡ್ಡಿ ಇಲ್ಲ ಅಂತಾರೆ, ಕಂತು ಅಂತಾರೆ. ಸ್ಕಾಲರ್‌ಶಿಪ್ ತಡವಾದರೆ ಆ ಕಂತನ್ನು ಕಟ್ಟೋದು ಊರಲ್ಲಿ ಕಳೆ ಕೀಳೋ ಅವ್ವ. ಇದೂ ಜೀತವೇ ಅಂತ ನಾವು ಹೇಳೋದಿಲ್ಲ. ಹಾಗಂದರೆ ನಿಜವಾಗಿ ಜೀತಕ್ಕಿದ್ದ ನಮ್ಮ ಅಜ್ಜಂದಿರಿಗೆ ಅವಮಾನ. ಆದರೆ 1976ರ ಕಾಯ್ದೆ ಅವರ ಸಾಲ ಹರಿದು ಹಾಕಿತು. ನಮ್ಮದನ್ನ ನಾವೇ ಸಹಿ ಹಾಕಿ ತರ್ತಾ ಇದ್ದೀವಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪರದೆಯ ಮೇಲಿನ ಹೀರೋ ನೋಡಿ ಕಲಿತ ಗಂಡಸ್ತನ ಹಳೇ ಜಮೀನ್ದಾರನದೇ. ಹೊಡೆಯೋದು, ಹುಡುಗಿ ಬೇಡ ಅಂದರೂ ಹಿಂದೆ ಬೀಳೋದು, ರಜೆಗೆ ಮನೆಗೆ ಹೋದಾಗ ಜೀನ್ಸ್ ಒಗೆಯೋಕೆ ತಂಗಿಗೆ ಎಸೆಯೋದು. ಗೌಡನ ಮೀಸೆಯ ಎದುರು ಮೀಸೆ ಬಿಟ್ಟವನು ಗೌಡನ ಬುದ್ಧಿಯನ್ನೂ ಬಿಡಬೇಕಲ್ಲ.

ಸೂಟು ಹಾಕಿದ ಅಂಬೇಡ್ಕರ್ ಫೋಟೋ ಪ್ರತಿ ರೂಮಿನಲ್ಲೂ ಇದೆ. ಅದೇ ಮನುಷ್ಯ ನ್ಯೂಯಾರ್ಕಿನಲ್ಲಿ ಓದುವಾಗ ಊಟದ ಖರ್ಚು ಹಿಡಿದು ಸುಮಾರು 2000 ಹಳೇ ಪುಸ್ತಕ ಕೊಂಡಿದ್ದರು. 1951ರಲ್ಲಿ ಮಂತ್ರಿಗಿರಿ ಬಿಟ್ಟು ಬಂದದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಹೆಂಗಸರಿಗೆ ಆಸ್ತಿ ಮತ್ತು ವಿಚ್ಛೇದನದ ಹಕ್ಕು ಕೊಡುವ ಹಿಂದೂ ಸಂಹಿತೆ ಮಸೂದೆಯನ್ನು ಸರ್ಕಾರ ಕೈಬಿಟ್ಟದ್ದು. ಆ ಫೋಟೋದ ಕೆಳಗೆ ಕೂತು, ಈ ತಿಂಗಳ ದುಡ್ಡಲ್ಲಿ ಪುಸ್ತಕಕ್ಕೆಷ್ಟು, ಕಂತಿಗೆಷ್ಟು ಅಂತ ಲೆಕ್ಕ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹೆಸರಿಲ್ಲದೆ ಅಚ್ಚು ಮಾಡ್ತೀವಿ. ತಂಗಿಯರೂ ಬರೆಯಲಿ, ಜೀನ್ಸಿನ ಲೆಕ್ಕ ಅವರ ಹತ್ರಾನೇ ಇದೆ.