ಬೆನ್ನಿನ ಹೊರೆ ಬಂಡಿಗೆ

ಚಾಮರಾಜಪೇಟೆಯ ಮಗ್ಗುಲಿಗಿರುವ ತರಗುಪೇಟೆಯ ಮಂಡಿಗಳ ಮುಂದೆ ಲಾರಿಗಳು ಬಂದು ನಿಂತವೆಂದರೆ ಹಮಾಲರ ಕೆಲಸ ಮೊದಲಾಗುತ್ತದೆ. ತಲೆಯ ಮೇಲೊಂದು ಗೋಣಿಯ ಮುಸುಕು, ಕೈಯಲ್ಲೊಂದು ಕಬ್ಬಿಣದ ಕೊಕ್ಕೆ. ಅವರ ಸಲಕರಣೆ ಇಷ್ಟೇ. ಬಸವನಗುಡಿಯ ಗೃಹಿಣಿ ಅಳೆದು ಹಾಕುವ ಒಂದು ಪಾವು ಅಕ್ಕಿ ಅವಳ ಅಡಿಗೆಮನೆಯ ಡಬ್ಬಿಯನ್ನು ಸೇರುವ ಮೊದಲು ಎಷ್ಟು ಬೆನ್ನುಗಳನ್ನು ಏರಿ ಇಳಿದಿರುತ್ತದೆಯೋ ಬಲ್ಲವರಾರು? ಹಿಂದೆ ಮೂಟೆಯೊಂದು 100 ಕಿಲೋ ತೂಗುತ್ತಿದ್ದುದುಂಟು. ಅದು 50 ಕಿಲೋಗೆ ಇಳಿದ ಮೇಲೂ ದಿನವಿಡೀ ಹೊರುವವನ ಸೊಂಟಕ್ಕೆ ಹಗುರವೇನೂ ಆಗಲಿಲ್ಲ. ಹತ್ತಿಯ ಬೇಲಿನ ಮಾತಂತೂ ಬೇರೆ. ಈ ದೇಶದ ವ್ಯಾಪಾರದಲ್ಲಿ ಒಂದು ಬೇಲಿಗೆ 170 ಕಿಲೋ ಎಂದು ಲೆಕ್ಕ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಬಂದಿತು. ಬೀದಿಯ ದೀಪ ಬೆಳಗಿತು, ಕಾರ್ಖಾನೆಗಳ ಯಂತ್ರ ತಿರುಗಿತು. ಮೂಟೆ ಮಾತ್ರ ಮನುಷ್ಯನ ಬೆನ್ನನ್ನು ಬಿಟ್ಟು ಇಳಿಯಲಿಲ್ಲ. ಇದಕ್ಕೆ ಕಾರಣವುಂಟು. ತಂತಿಗೆ ಕಟ್ಟುಬಿದ್ದ ಯಂತ್ರ ನಿಂತಲ್ಲಿಯೇ ತಿರುಗಬಲ್ಲುದು. ಹೊರೆಯನ್ನು ಹೊತ್ತು ಓಡಾಡಬೇಕಾದರೆ ಯಂತ್ರವು ತನ್ನ ವಿದ್ಯುತ್ತನ್ನೂ ಜೊತೆಗೆ ಹೊತ್ತಿರಬೇಕು. ಅಮೆರಿಕದ ಆಲ್ಟೂನಾ ಎಂಬ ಊರಿನ ರೈಲ್ವೆಯವರು 1906ರಲ್ಲಿ ಪ್ರಯಾಣಿಕರ ಸಾಮಾನು ಸಾಗಿಸಲು ಬ್ಯಾಟರಿಯ ಬಂಡಿಯನ್ನು ಓಡಿಸಿದರು. ಮುಂದೆ ಅಂತಹ ಬಂಡಿಗಳಿಗೆ ಹೊರೆಯನ್ನು ಮೇಲೆತ್ತುವ ತೋಳುಗಳೂ ಕೂಡಿಕೊಂಡವು. ಪೀಣ್ಯದಂತಹ ಕೈಗಾರಿಕಾ ವಸಾಹತುಗಳಲ್ಲಿ ಕಾಣುವ ವಿದ್ಯುತ್ ಫೋರ್ಕ್‌ಲಿಫ್ಟ್ ಆ ವಂಶದ ಕುಡಿ.

ಇದರ ರಹಸ್ಯವನ್ನು ತಿಳಿಯಲು ಹಳ್ಳಿಯ ಏತವನ್ನು ನೆನೆದರೆ ಸಾಕು. ಏತದ ಒಂದು ತುದಿಯಲ್ಲಿ ನೀರಿನ ಬಾನಿ, ಇನ್ನೊಂದು ತುದಿಯಲ್ಲಿ ಅದಕ್ಕೆ ಸರಿದೂಗುವ ಕಲ್ಲು. ಫೋರ್ಕ್‌ಲಿಫ್ಟಿನ ಮುಂದಿನ ಚಕ್ರಗಳೇ ಏತದ ಕಂಬ. ಮುಂಚಾಚಿದ ಎರಡು ಉಕ್ಕಿನ ತೋಳುಗಳ ಮೇಲಿನ ಹೊರೆಯೇ ಬಾನಿ. ಹಿಂಬದಿಯ ಎರಕದ ತೂಕವೇ ಕಲ್ಲು. ಬೇರೆ ವಾಹನಗಳಲ್ಲಿ ಬ್ಯಾಟರಿಯ ತೂಕ ದಂಡವೆನಿಸಿದರೆ, ಇಲ್ಲಿ ಸೀಸದ ಬ್ಯಾಟರಿಯ ತೂಕವೂ ಹೊರೆಗೆ ಸಮತೋಲವಾಗಿ ಉಪಯೋಗಕ್ಕೆ ಬರುತ್ತದೆ. ವಿದ್ಯುತ್ ಮೋಟಾರು ಎಣ್ಣೆಯನ್ನು ಒತ್ತಿದಾಗ ಕೊಳವೆಯೊಳಗಿನ ದಂಡ ಮೇಲೇರಿ ತೋಳುಗಳನ್ನು ಎತ್ತುತ್ತದೆ. 50 ಕಿಲೋ ತೂಕದ 20 ಮೂಟೆಗಳನ್ನು ಮರದ ಹಲಗೆಮಣೆಯೊಂದರ ಮೇಲೆ ಅಟ್ಟಿಯಾಗಿ ಒಟ್ಟಿದರೆ ಒಂದು ಟನ್ನು. ಒಬ್ಬ ಹಮಾಲನ 20 ನಡಿಗೆಗಳ ಕೆಲಸ ಬಂಡಿಗೆ ಒಂದೇ ಸಲಕ್ಕೆ ಮುಗಿಯುತ್ತದೆ. ಹೊಗೆಯಿಲ್ಲದ ಕಾರಣ ಆಹಾರದ ಉಗ್ರಾಣಗಳಿಗೆ ಇದು ವಿಶೇಷವಾಗಿ ಒಪ್ಪುತ್ತದೆ.

ಆದರೆ ಯಂತ್ರ ಬಂದೊಡನೆ ಅಪಾಯ ತೊಲಗಿತೆಂದು ಭಾವಿಸಬಾರದು. ಹೊರೆಯ ಮಧ್ಯಬಿಂದು ಮುಂದಕ್ಕೆ ಸರಿದಷ್ಟೂ ಬಂಡಿ ತಾಳುವ ತೂಕ ಕಡಿಮೆಯಾಗುತ್ತದೆ. ಇದನ್ನು ಮರೆತರೆ ಹಿಂದಿನ ಚಕ್ರಗಳು ನೆಲಬಿಟ್ಟು ಏಳುತ್ತವೆ. ಹೊರೆಯನ್ನು ಎತ್ತರದಲ್ಲಿಟ್ಟುಕೊಂಡು ತಿರುವಿನಲ್ಲಿ ಓಡಿಸಿದರೆ ಬಂಡಿ ಮಗುಚಬಹುದು. ಹೊರಳುವುದು ಹಿಂದಿನ ಚಕ್ರಗಳಾದುದರಿಂದ ತಿರುವಿನಲ್ಲಿ ಅದರ ಹಿಂಭಾಗ ಹೊರಕ್ಕೆ ಬೀಸಿ ಪಕ್ಕದಲ್ಲಿದ್ದವರಿಗೆ ಬಡಿಯುವ ಸಂಭವವುಂಟು. ಸದ್ದಿಲ್ಲದೆ ಬರುವುದು ಇದರ ಗುಣವೂ ಹೌದು, ದೋಷವೂ ಹೌದು. ಸೀಸದ ಬ್ಯಾಟರಿಗೆ ವಿದ್ಯುತ್ತು ತುಂಬುವಾಗ ಜಲಜನಕ ಅನಿಲ ಹೊರಡುತ್ತದೆ. ಆದಕಾರಣ ಆ ಕೋಣೆಯಲ್ಲಿ ಗಾಳಿ ಚೆನ್ನಾಗಿ ಆಡಬೇಕು. ಬೀಡಿಯ ಕಿಡಿಯೂ ಅದರ ಬಳಿ ಸುಳಿಯಕೂಡದು.

ತರಗುಪೇಟೆಯಂತಹ ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳು, ಹಳ್ಳ ದಿಣ್ಣೆಗಳು, ಮಂಡಿಯ ಮೆಟ್ಟಿಲುಗಳು ಈ ಬಂಡಿಗೆ ಹೇಳಿದ ಜಾಗವಲ್ಲ. ಅದಕ್ಕೆ ಸಮನೆಲವೂ ತಿರುಗಲು ಎಡೆಯೂ ಬೇಕು. ಅಂತಹ ಕಡೆಗಳಲ್ಲಿ ತಳ್ಳುಗಾಡಿಯೂ ಚಿಕ್ಕ ಮೂಟೆಯೂ ಬೆನ್ನಿಗೆ ಆಸರೆಯಾಗಬೇಕು. ಅಪಾಯ ತರುವಷ್ಟು ಭಾರವನ್ನು ಯಾರಿಂದಲೂ ಹೊರಿಸಕೂಡದೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಬ್ಬ ವಯಸ್ಕ ಗಂಡಸು ಹೊರುವ ಭಾರವನ್ನು 55 ಕಿಲೋ ಮಟ್ಟಕ್ಕೆ ಇಳಿಸಬೇಕೆಂದು ಶಿಫಾರಸು ಮಾಡಿತು.

ಇನ್ನು ಉಳಿಯುವುದು ಹಮಾಲನ ಪ್ರಶ್ನೆ. 20 ನಡಿಗೆಗಳ ಕೆಲಸ ಒಂದೇ ಸಲಕ್ಕೆ ಮುಗಿದರೆ ಮಿಕ್ಕ ನಡಿಗೆಗಳ ಕೂಲಿಯ ಗತಿಯೇನೆಂದು ಅವನು ಅಂಜುವುದು ಸಹಜ. ಆದರೆ ಯಾವ ಮೂಟೆ ಎಲ್ಲಿ ಜಾರುವುದು, ಯಾವ ಅಟ್ಟಿ ಯಾವ ಕಡೆ ವಾಲುವುದು ಎಂಬುದನ್ನು ಅವನಷ್ಟು ಬಲ್ಲವರು ವಿರಳ. ಆ ಅರಿವು ವರ್ಷಗಟ್ಟಲೆ ಬೆನ್ನು ಸವೆಸಿ ಗಳಿಸಿದ್ದು. ಹೊಸಬನನ್ನು ಹುಡುಕುವ ಮೊದಲು ಅವನಿಗೇ ತರಬೇತಿ ಕೊಟ್ಟು ಬಂಡಿಯ ಆಸನದಲ್ಲಿ ಕುಳ್ಳಿರಿಸುವುದು ನ್ಯಾಯವೂ ಹೌದು, ಲಾಭವೂ ಹೌದು. ಬೆನ್ನಿನ ಹೊರೆಯನ್ನು ಇಳಿಸಲು ಬಂದ ಯಂತ್ರ ಅವನ ಹೊಟ್ಟೆಯ ಮೇಲೆ ಹೊಡೆಯದಂತೆ ನೋಡಿಕೊಳ್ಳುವುದು ಒಡೆಯನಾದವನ ಹೊಣೆ.